ಬಿಎಸ್ಸಿ ಮುಗಿಸಿ ಹವಾಮಾನ ಇಲಾಖೆ ಸೇರಿದ್ದು ಹೀಗೆ

ಬಿಎಸ್ಸಿ ಮಾಡಿದವರಿಗೆ ಮೇಷ್ಟ್ರ ಕೆಲಸ ಬಿಟ್ಟರೆ ಇನ್ನೇನಿದೆ ಅಂತ ನಮ್ಮ ಚಿತ್ರದುರ್ಗದ ಹುಡುಗರು ಈಗಲೂ ಕೇಳುತ್ತಾರೆ. ಭಾರತ ಹವಾಮಾನ ಇಲಾಖೆ ಇದೆಯಲ್ಲ! 1875ರಲ್ಲಿ ಶುರುವಾದ ಇಲಾಖೆ ಅದು. ಅಲ್ಲಿಗೆ ಸೇರಲು ಹವಾಮಾನದಲ್ಲೇ ಡಿಗ್ರಿ ಆಗಿರಬೇಕು ಅಂತೇನಿಲ್ಲ. ನಾನು ದುರ್ಗದಲ್ಲೇ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಓದಿದವನು.

ಸೇರುವುದು ಸೈಂಟಿಫಿಕ್ ಅಸಿಸ್ಟೆಂಟ್ ಆಗಿ. ಮುಂದೆ ಬಡ್ತಿ ಸಿಕ್ಕಾಗ ಮೀಟಿಯರಾಲಜಿಸ್ಟ್, ಅಂದರೆ ಹವಾಮಾನ ತಜ್ಞ. ಪರೀಕ್ಷೆ ನಡೆಸುವುದು ಕೇಂದ್ರ ಸರ್ಕಾರದ ಸ್ಟಾಫ್ ಸೆಲೆಕ್ಷನ್ ಕಮಿಷನ್, ಅಂದರೆ ಎಸ್‌ಎಸ್‌ಸಿ. ಡಿಗ್ರಿಯಲ್ಲಿ ಫಿಸಿಕ್ಸ್ ಒಂದು ವಿಷಯವಾಗಿರಬೇಕು, ಶೇ. 60 ಅಂಕ ಬಂದಿರಬೇಕು. ಪಿಯುಸಿಯಲ್ಲಿ ಫಿಸಿಕ್ಸ್ ಜೊತೆ ಗಣಿತವೂ ಇರಬೇಕು. ಕಂಪ್ಯೂಟರ್ ಸೈನ್ಸ್ ಪದವಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆದವರಿಗೂ ಅವಕಾಶವಿದೆ.

ಕಷ್ಟ ಇರುವುದು ಕಾಯುವುದರಲ್ಲಿ. ನಾನು ಬರೆದ 2017ರ ಪರೀಕ್ಷೆಗೆ 1102 ಹುದ್ದೆ ಕರೆದಿದ್ದರು. ಅದಾದ ಮೇಲೆ ಕರೆದದ್ದು 2022ರಲ್ಲಿ, 990 ಹುದ್ದೆ. ನಡುವೆ ಐದು ವರ್ಷ. ವಯಸ್ಸಿನ ಮಿತಿ 30, ಮೀಸಲಾತಿಯವರಿಗೆ ಸ್ವಲ್ಪ ಜಾಸ್ತಿ. ಹಾಗಾಗಿ ಅಧಿಸೂಚನೆ ಬರಲಿ, ಆಮೇಲೆ ಓದೋಣ ಅಂದರೆ ಆಗುವುದಿಲ್ಲ. ನಾನು ಎಸ್‌ಎಸ್‌ಸಿಯ ಸಿಜಿಎಲ್ (ಪದವೀಧರರಿಗೆ ಇರುವ ಕೇಂದ್ರ ಸರ್ಕಾರಿ ಹುದ್ದೆಗಳ) ಪರೀಕ್ಷೆಗೆ ಓದುತ್ತಲೇ ಇದಕ್ಕೂ ತಯಾರಾದೆ. ರೀಸನಿಂಗ್, ಲೆಕ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ ಎರಡಕ್ಕೂ ಬೇಕು. ಹವಾಮಾನ ಇಲಾಖೆಯ ಪರೀಕ್ಷೆಯಲ್ಲಿ ಇವು 100 ಅಂಕಕ್ಕೆ. ಉಳಿದ 100 ನಮ್ಮ ವಿಷಯದ್ದು. ಒಟ್ಟು 200 ಪ್ರಶ್ನೆ, ಎರಡು ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ.

ಫಿಸಿಕ್ಸೇ ನನ್ನನ್ನು ದಡ ಮುಟ್ಟಿಸಿದ್ದು. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ನಾನು ಪಿಯುಸಿ ಪುಸ್ತಕದಿಂದ ಮತ್ತೆ ಶುರು ಮಾಡಿದೆ. ಉಷ್ಣದ ಪಾಠವನ್ನಂತೂ ಬಿಡದೆ ಓದಿದೆ. ಅದು ಬರೀ ಅಂಕಕ್ಕಲ್ಲ, ಆಮೇಲೆ ಕೆಲಸದಲ್ಲಿ ದಿನಾ ಬೇಕಾಯಿತು. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದರೆ ನೀರು ಆವಿಯಾಗುತ್ತಾ ಉಷ್ಣತೆ ಇಳಿಯುತ್ತದೆ. ಪಕ್ಕದ ಒಣ ಥರ್ಮಾಮೀಟರಿಗೂ ಅದಕ್ಕೂ ವ್ಯತ್ಯಾಸ ಎಷ್ಟು ಅಂತ ನೋಡಿ ಗಾಳಿಯ ತೇವಾಂಶ ಹೇಳುತ್ತೇವೆ. ನಮ್ಮ ಚಳ್ಳಕೆರೆ ಕಡೆ ಯಾಕೆ ಮಳೆ ಕಡಿಮೆ? ಮುಂಗಾರಿನ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಈಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಚಿಕ್ಕಂದಿನಿಂದ ಕಂಡದ್ದಕ್ಕೆ ಕಾರಣ ತಿಳಿದಾಗ ಆದ ಖುಷಿ ದೊಡ್ಡದು.

ಆಯ್ಕೆಯಾದ ಮೇಲೆ ಪುಣೆಯಲ್ಲಿ ತರಬೇತಿ. ಅಲ್ಲಿಂದ ಬೇರೆ ರಾಜ್ಯಕ್ಕೆ ಪೋಸ್ಟಿಂಗ್. ಇದು ಕೇಂದ್ರ ಸರ್ಕಾರದ ಕೆಲಸ, ದೇಶದಲ್ಲಿ ಎಲ್ಲಿಗಾದರೂ ಹಾಕಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ರಾತ್ರಿ ಪಾಳಿ ಇರುತ್ತದೆ. ಹಬ್ಬದ ದಿನವೂ ಬೆಳಿಗ್ಗೆ 8.30ರ ವೀಕ್ಷಣೆ ತಪ್ಪಿಸುವಂತಿಲ್ಲ. ಮಳೆಮಾಪಕದ ನೀರು ಅಳೆಯಬೇಕು, ಆಕಾಶವನ್ನು ಎಂಟು ಪಾಲು ಅಂದುಕೊಂಡು ಮೋಡ ಎಷ್ಟು ಪಾಲಿದೆ ಅಂತ ಬರೆಯಬೇಕು. ಗಾಳಿಯ ಒತ್ತಡ ಓದುವುದು ಕೊನೆಗೆ, ಸರಿಯಾದ ಹೊತ್ತಿಗೆ. ಒಂದೇ ಹೊತ್ತಿಗೆ ಎಲ್ಲ ಕಡೆಯಿಂದ ಅಂಕಿ ಬಂದರೆ ತಾನೇ ನಕ್ಷೆ ಮೂಡುವುದು? ನಮ್ಮ ದುರ್ಗದಲ್ಲೂ ಇಲಾಖೆಯ ವೀಕ್ಷಣಾಲಯ ಇದೆ. ಅದರ ಅಂಕಿ ನೋಡಿದಾಗಲೆಲ್ಲ ಮನೆ ನೆನಪಾಗುತ್ತದೆ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಅಪ್ಪ ಫೋನ್ ಮಾಡಿ, 'ಹಸ್ತ ಮಳೆ ಆಗ್ತದೇನಪ್ಪ?' ಅಂತ ಕೇಳುತ್ತಾರೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಮುಖ್ಯ. ಮುನ್ಸೂಚನೆಯಲ್ಲಿ ಏನಿದೆಯೋ ಅಷ್ಟನ್ನೇ ಹೇಳುತ್ತೇನೆ, ಅಪ್ಪನಿಗೆ ಅಂತ ಒಂದು ಹನಿಯೂ ಜಾಸ್ತಿ ಸೇರಿಸುವುದಿಲ್ಲ.

ಇನ್ನೊಂದು ವಿಷಯ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯಾ ನೋಡಿ, ಕೇಂದ್ರದ ನಮೂನೆಯಲ್ಲೇ ತಾಲ್ಲೂಕು ಕಚೇರಿಯಿಂದ ಮಾಡಿಸಿಕೊಳ್ಳಿ. ಪರೀಕ್ಷೆಯ ಅರ್ಜಿಗೆ ಕೊನೇ ದಿನ ಹತ್ತಿರ ಬಂದ ಮೇಲೆ ಓಡಾಡುವುದು ಬೇಡ, ಸರ್ಟಿಫಿಕೇಟಿಗೆ ಈಗಲೇ ಅರ್ಜಿ ಹಾಕಿಡಿ.