ಬೂದಪ್ಪನ ಎದೆಗೆ ಗರಿ ಬಂದದ್ದು

ಕೊಕ್ಕು ಮೈಗೆ ತಲುಪದಂತೆ ಹಕ್ಕಿಯ ಕತ್ತಿಗೆ ಹಾಕುವ ಕಾಲರ್ ಈಗ ಅಟ್ಟದ ಮೇಲಿದೆ. ಎರಡು ಕಾಲರ್, ಕಾಲುಚೀಲ ಕತ್ತರಿಸಿ ಹೊಲಿದ ಒಂದು ಅಂಗಿ, ಅರ್ಧ ಉಳಿದ ಕಹಿ ಸ್ಪ್ರೇ, ಎಲ್ಲವೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ. ಬೇಕೆಂದೇ ಎಸೆದಿಲ್ಲ. ತನ್ನ ಗರಿ ತಾನೇ ಕಿತ್ತುಕೊಳ್ಳುವ ಗ್ರೇ, ಅಂದರೆ ಆಫ್ರಿಕಾದ ಬೂದು ಗಿಳಿ, ಸರಿಹೋಗುವುದಿಲ್ಲ, ಸುಮ್ಮನೆ ದುಡ್ಡು ಕಳೆಯಬೇಡ ಎಂದು ಬುದ್ಧಿ ಹೇಳಿದ್ದ ಗೆಳೆಯರು ಮನೆಗೆ ಬಂದರೆ ಮೊದಲು ಬೂದಪ್ಪನನ್ನು ತೋರಿಸುತ್ತೇನೆ, ಆಮೇಲೆ ಪೆಟ್ಟಿಗೆ ಇಳಿಸುತ್ತೇನೆ. ಜಂಬವೇ, ಇರಲಿ. ಹದಿನಾಲ್ಕು ತಿಂಗಳು ಕಾದವನಿಗೆ ಅಷ್ಟೂ ಹಕ್ಕಿಲ್ಲವೇ?

ಬೂದಪ್ಪ ಹೆಣ್ಣು. ಹೆಸರಿಟ್ಟು ತಿಂಗಳಾದ ಮೇಲೆ ಡಿಎನ್‌ಎ ವರದಿ ಕೈಸೇರಿತು. ಅಷ್ಟರಲ್ಲಿ ತನ್ನ ಹೆಸರನ್ನು ತಾನೇ ಕೂಗಿಕೊಳ್ಳಲು ಕಲಿತಿದ್ದಳಾದ್ದರಿಂದ ಬದಲಿಸಲು ಹೋಗಲಿಲ್ಲ. ನನ್ನ ಕೈಗೆ ಬಂದಾಗ ಅವಳಿಗೆ ಸುಮಾರು ಒಂಬತ್ತು ವರ್ಷ. ಕಾಲಿನಲ್ಲಿ ರಿಂಗ್ ಇತ್ತು, ಕಾಗದಪತ್ರ ಸರಿಯಿತ್ತು. (2017ರಿಂದ ಈ ಹಕ್ಕಿ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲನೇ ಅನುಬಂಧದಲ್ಲಿದೆ. ಕಾಗದವಿಲ್ಲದ ಗ್ರೇ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.) ತಲೆ ನೋಡಿದರೆ ಮಹಾರಾಣಿ, ಒಂದೊಂದು ಗರಿಗೂ ಬೆಳ್ಳಿಯ ಅಂಚು. ಕತ್ತಿನಿಂದ ಕೆಳಗೆ ನೋಡಲಾಗುತ್ತಿರಲಿಲ್ಲ. ಎದೆ, ಎರಡೂ ತೊಡೆ, ರೆಕ್ಕೆಯ ಒಳಮಗ್ಗುಲು ಬೋಳು. ಅಲ್ಲಲ್ಲಿ ಒಂದಿಷ್ಟು ಬಿಳಿ ತುಪ್ಪುಳ. ಕೊಕ್ಕು ತಲುಪದ ಜಾಗದಲ್ಲಿ ಮಾತ್ರ ಗರಿ ನೆಟ್ಟಗಿತ್ತು ಎಂದರೆ ಕೀಳುತ್ತಿದ್ದವರು ಯಾರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಮೊದಲ ದುಡ್ಡು ಪರೀಕ್ಷೆಗಳಿಗೇ ಹೋಯಿತು. ರಕ್ತ, ಕೊಕ್ಕು ಮತ್ತು ಗರಿ ರೋಗದ ವೈರಸ್, ಬೋರ್ನಾ ವೈರಸ್, ಗಿಳಿಜ್ವರ, ಹೊಟ್ಟೆಯಲ್ಲಿ ಸತು ಸೀಸದ ಚೂರು ಇದೆಯೇ ಎಂದು ಎಕ್ಸ್‌ರೇ. ಹಕ್ಕಿಗೆ ಕೊಟ್ಟ ಹಣದ ಮುಕ್ಕಾಲು ಪಾಲು ಇಲ್ಲೇ ಕರಗಿತು. ಸಿಕ್ಕಿದ್ದು ಒಂದೇ ಸುಳಿವು: ಕ್ಯಾಲ್ಸಿಯಂ ಕೆಳಗಂಚಿನಲ್ಲಿತ್ತು. ಒಂಬತ್ತು ವರ್ಷ ಸೂರ್ಯಕಾಂತಿ ಬೀಜವನ್ನೇ ತಿಂದ ಗ್ರೇಗೆ ಇನ್ನೇನಾಗಬೇಕು? ಈ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ. ಕಾಯಿಲೆ ಇಲ್ಲವೆಂದು ಖಚಿತವಾಗದೆ ಸ್ವಭಾವಕ್ಕೆ ಮದ್ದು ಮಾಡಲು ಹೊರಟರೆ ಕಾಯಿಲೆಯ ಹಕ್ಕಿಗೆ ಪಾಠ ಹೇಳಿದಂತೆ.

ಬೇಸರವಿರುವುದು ಮುಂದಿನ ಐದು ತಿಂಗಳ ಖರ್ಚಿನ ಬಗ್ಗೆ. ಮೊದಲ ಕಾಲರ್ ನಾಲ್ಕು ದಿನ ಬಾಳಿತು. ಐದನೆಯ ದಿನ ಅದರ ಅಂಚನ್ನು ಜಾಲರಿಯಂತೆ ಕಚ್ಚಿಟ್ಟಿದ್ದಳು. ಎರಡನೆಯದು ಗಟ್ಟಿ. ಅದನ್ನು ಹಾಕಿಕೊಂಡು ರಾತ್ರಿ ಕೋಲಿನಿಂದ ಬಿದ್ದಳು, ಎದೆಯ ಮೂಳೆಯ ಮೇಲೆ ಚರ್ಮ ಸೀಳಿತು, ಮತ್ತೆ ವೈದ್ಯರ ಬಾಗಿಲು. ಗಾಯವನ್ನೇ ಅಗೆಯುವ ಹಕ್ಕಿಗೆ ಕಾಲರ್ ಬೇಕಾಗುತ್ತದೆ, ಒಪ್ಪುತ್ತೇನೆ. ನನ್ನದು ಅಗೆಯುತ್ತಿರಲಿಲ್ಲ, ಕೀಳುತ್ತಿತ್ತು ಅಷ್ಟೇ. ಕಹಿ ಸ್ಪ್ರೇಯನ್ನು ಅವಳು ನೆಕ್ಕಿ ನೋಡಿ, ಕೊಕ್ಕನ್ನು ಕೋಲಿಗೆ ಒರೆಸಿಕೊಂಡು, ಇನ್ನೊಂದು ಬದಿಯಿಂದ ಕಿತ್ತಳು. ದೊಡ್ಡ ದೊಡ್ಡ ಆಟಿಕೆ ತರಿಸಿದೆ; ಹೊಸದೇನಿದ್ದರೂ ಗ್ರೇಗೆ ಅದು ಹಾವು ಎಂಬುದನ್ನು ಮರೆತು ಮೂರನ್ನು ಒಟ್ಟಿಗೇ ತೂಗುಹಾಕಿದೆ. ಎರಡು ದಿನ ಪಂಜರದ ಮೂಲೆಯಲ್ಲೇ ನಿಂತಿದ್ದಳು, ಆ ಎರಡು ದಿನದಲ್ಲಿ ಬಿದ್ದ ಗರಿ ಒಂದು ವಾರದಷ್ಟು. ಜೊತೆಗಾರ ಬೇಕೆಂದರು. ಒಬ್ಬರಿಂದ ಇನ್ನೊಂದು ಗ್ರೇಯನ್ನು ಎರವಲು ತಂದು, ಬೇರೆ ಕೋಣೆಯಲ್ಲಿ ಒಂದೂವರೆ ತಿಂಗಳು ಇಟ್ಟು, ಆಮೇಲೆ ಮುಖ ತೋರಿಸಿದೆ. ಪರಸ್ಪರ ಗುರುಗುಟ್ಟಿದ್ದಷ್ಟೇ ಲಾಭ. ಲೆಕ್ಕ ಹಾಕಿದರೆ ಈ ಅವಧಿಯಲ್ಲಿ ಇನ್ನೊಂದು ಹಕ್ಕಿಯ ಬೆಲೆಯಷ್ಟು ಕೈಬಿಟ್ಟಿತ್ತು.

ದಾರಿ ತೋರಿಸಿದ್ದು ಪುಕ್ಕಟೆ ಸಿಕ್ಕ ಒಂದು ನೋಟುಪುಸ್ತಕ. ಕೀಳುವುದನ್ನು ನಿಲ್ಲಿಸುವ ಗೋಜು ಬಿಟ್ಟು, ಯಾವಾಗ ಕೀಳುತ್ತಾಳೆ ಎಂದು ಹದಿನಾರು ದಿನ ಬರೆದೆ. ಐವತ್ತರ ಆಸುಪಾಸು ಗುರುತುಗಳಾದವು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಸಂಜೆ ಆರರಿಂದ ಎಂಟೂವರೆಯೊಳಗೆ. ದೀಪ ಉರಿಯುತ್ತಿರುತ್ತದೆ, ಟಿವಿ ಕೂಗುತ್ತಿರುತ್ತದೆ, ನಾವೆಲ್ಲ ಮನೆಯಲ್ಲೇ ಇರುತ್ತೇವೆ. ಅಂದರೆ ಒಂಟಿತನವಲ್ಲ! ಇದನ್ನು ಕಂಡು ನಾನೇ ಎರಡು ಬಾರಿ ಎಣಿಸಿದೆ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಬೂದಪ್ಪ ಎಡತೊಡೆಗೆ ಬಗ್ಗಿದಳು. ಒಂದು ಎಳೆ ಗರಿಯನ್ನು ಕೊಕ್ಕಿನ ತುದಿಯಲ್ಲಿ ಹಿಡಿದಳು, ಕೀಳಲಿಲ್ಲ. ತಲೆಯೆತ್ತಿ ಬಾಗಿಲ ಕಡೆ ನೋಡಿ, ನನ್ನದೇ ದನಿಯಲ್ಲಿ, ನನ್ನದೇ ಗಾಬರಿಯಲ್ಲಿ, "ಬೇಡ ಬೇಡ ಬೇಡ" ಎಂದಳು. ಮತ್ತೆ ಬಗ್ಗಿ ಕಿತ್ತಳು. ಗರಿಯನ್ನು ಕಾಲಲ್ಲಿ ಹಿಡಿದು ಬುಡವನ್ನು ಅಗಿಯುತ್ತಾ ಬಾಗಿಲನ್ನೇ ನೋಡುತ್ತಿದ್ದಳು, ಇನ್ನೂ ಯಾಕೆ ಬರಲಿಲ್ಲ ಎನ್ನುವಂತೆ.

ಐದು ತಿಂಗಳಿಂದ ನಾನು ಗರಿಗೆ ಸಂಬಳ ಕೊಡುತ್ತಿದ್ದೆ. ಒಂದು ಗರಿ ಕಿತ್ತರೆ ಮನೆಯ ಯಜಮಾನ ಓಡಿಬರುತ್ತಾನೆ, ಮುದ್ದು ಮಾಡುತ್ತಾನೆ, ಬಾದಾಮಿ ಕೊಡುತ್ತಾನೆ. ಇದಕ್ಕಿಂತ ಒಳ್ಳೆಯ ಉದ್ಯೋಗ ಯಾವ ಗಿಳಿಗೆ ಸಿಕ್ಕೀತು? ಆ ಉದ್ಯೋಗವನ್ನು ಬಿಡಿಸಬೇಕಾದರೆ ಬೇರೆ ಉದ್ಯೋಗ ಕೊಡಬೇಕು. ಅಲ್ಲಿಂದ ಮುಂದಿನದೆಲ್ಲ ಈ ಒಂದು ಮಾತಿನ ವಿಸ್ತಾರ.

ಮೊದಲು ನಿದ್ದೆ. ಇನ್ನೊಂದು ಕೋಣೆಯಲ್ಲಿ ಮಲಗಲೆಂದೇ ಒಂದು ಸಣ್ಣ ಪಂಜರ, ಒಂದೇ ಕೋಲು, ಕತ್ತಲು. ಸಂಜೆ ಆರೂವರೆಗೆ ಒಳಗೆ, ಬೆಳಿಗ್ಗೆ ಆರಕ್ಕೆ ಹೊರಗೆ. ಹನ್ನೊಂದೂವರೆ ಗಂಟೆ. ಕೀಳುವ ಹೊತ್ತಿನ ಬಹುಭಾಗವನ್ನು ನಿದ್ದೆಯೇ ನುಂಗಿತು. ಟಿವಿ ಮುಂದೆ ಹಕ್ಕಿ ಇರಬೇಕೆನ್ನುವ ಆಸೆ ನನ್ನ ಹೆಂಡತಿಗೂ ಇತ್ತು, ಬಿಡಿಸಿದೆ. ಒಂದು ವಾರ ಮಾತು ಬಿಟ್ಟಿದ್ದಳು, ಬೂದಪ್ಪ ಅಲ್ಲ, ಹೆಂಡತಿ.

ಎರಡನೆಯದು ತಟ್ಟೆ ತೆಗೆದದ್ದು. ನೀರಿನ ಬಟ್ಟಲು ಬಿಟ್ಟು ಬೇರಾವ ಪಾತ್ರೆಯೂ ಪಂಜರದಲ್ಲಿ ಇಲ್ಲ. ಊಟವೆಲ್ಲ ಪೊಟ್ಟಣದಲ್ಲಿ. ಶುರುವಿನಲ್ಲಿ ಹಾಳೆಯನ್ನು ಮಡಿಸದೆ ಆಹಾರದ ಮೇಲೆ ಸುಮ್ಮನೆ ಹೊದಿಸಿಟ್ಟೆ, ಅವಳ ಕಣ್ಣೆದುರೇ. ಆಮೇಲೆ ಒಂದು ಮಡಿಕೆ, ಆಮೇಲೆ ತಿರುಚು, ಆಮೇಲೆ ಪೊಟ್ಟಣದೊಳಗೆ ಪೊಟ್ಟಣ. ಅವಸರ ಮಾಡಿದರೆ ಹಕ್ಕಿ ಉಪವಾಸ ಕೂರುತ್ತದೆ; ನನಗೆ ಮೂರು ವಾರ ಹಿಡಿಯಿತು. ಈಗ ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಪೊಟ್ಟಣ, ಮುದ್ರಣವಿಲ್ಲದ ಹಾಳೆ, ಪಿನ್ನು ಅಂಟು ಯಾವುದೂ ಇಲ್ಲ. ಕಟ್ಟಲು ನನಗೆ ಹತ್ತು ನಿಮಿಷ, ಬಿಚ್ಚಲು ಅವಳಿಗೆ ನಾಲ್ಕು ಗಂಟೆ. ಖರ್ಚು ಹಳೆಯ ಆಟಿಕೆಗಳಿಗೆ ಸುರಿದದ್ದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಕೊನೆಯ ಗಂಟು ಹಾಕುವ ನನ್ನ ರೀತಿಯನ್ನು ಮಾತ್ರ ಹೇಳುವುದಿಲ್ಲ. ಕಂಡುಹಿಡಿಯಲು ಎರಡು ತಿಂಗಳು ಬೇಕಾಯಿತು, ನೀವೂ ಸ್ವಲ್ಪ ಹಾಳೆ ಹರಿಯಿರಿ.

ಪೊಟ್ಟಣದೊಳಗಿನ ಬೀಜವನ್ನು, ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರವಾದ ಪೆಲೆಟ್‌ಗೆ ತಿರುಗಿಸುವುದೂ ಜೊತೆಯಲ್ಲೇ ನಡೆಯಿತು, ಏಳು ವಾರ. ದಿನಾ ಬೆಳಿಗ್ಗೆ ತೂಕ. 440 ಗ್ರಾಂನಿಂದ 418ಕ್ಕೆ ಇಳಿದಾಗ ಕೈ ನಡುಗಿತು. ಹತ್ತನೇ ಒಂದು ಭಾಗ ಇಳಿದರೆ, ಅಂದರೆ 396 ಮುಟ್ಟಿದರೆ, ಬೀಜ ಕೊಟ್ಟು ವೈದ್ಯರ ಬಳಿ ಓಡುವುದೆಂದು ಮೊದಲೇ ಗೋಡೆಗೆ ಬರೆದು ಅಂಟಿಸಿದ್ದೆ, ಅಲ್ಲಿಗೆ ಹೋಗಲಿಲ್ಲ. ಗಜ್ಜರಿ, ಕುಂಬಳ, ಸೊಪ್ಪು ಬೇರೆ. ಪೆಲೆಟ್ ಮೇಲೆ ಏನನ್ನು ಚಿಮುಕಿಸಿದಾಗ ಬೂದಪ್ಪ ಸೋತಳು ಎಂಬುದೂ ನನ್ನಲ್ಲೇ ಇರಲಿ. ಕ್ಯಾಲ್ಸಿಯಂ ವೈದ್ಯರು ಹೇಳಿದಷ್ಟು, ಮತ್ತು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಕೊಡುವ, ಹಕ್ಕಿಗಳಿಗೆಂದೇ ಬರುವ ದೀಪ. ಕಿಟಕಿಯ ಗಾಜಿನ ಹಿಂದೆ ಕೂರಿಸಿ ಬಿಸಿಲು ಕಾಯಿಸಿದೆ ಎಂದು ನೆಮ್ಮದಿಯಾಗಿದ್ದವನು ನಾನು; ಗಾಜು ಆ ಕಿರಣವನ್ನೇ ತಡೆಯುತ್ತದೆ.

ಮೂರನೆಯದು ನೀರು. ದಿನಾ ಬೆಳಿಗ್ಗೆ ಬರೀ ನೀರಿನ ತುಂತುರು, ಬುಡದ ತುಪ್ಪುಳ ನೆನೆಯುವವರೆಗೆ. ಒಣ ಚರ್ಮ ತುರಿಸುತ್ತದೆ, ತುರಿಸಿದರೆ ಕೊಕ್ಕು ಹೋಗುತ್ತದೆ. ಗ್ರೇ ಉದುರಿಸುವ ಬಿಳಿ ಪುಡಿಯೂ ಇದರಿಂದ ಕಡಿಮೆಯಾಯಿತು, ಗಾಳಿ ಶೋಧಿಸುವ ಯಂತ್ರದ ಫಿಲ್ಟರು ಎರಡು ತಿಂಗಳು ಹೆಚ್ಚು ಬಾಳುತ್ತಿದೆ. ಅಂದ ಹಾಗೆ ಆ ವರ್ಷವೇ ಟೆಫ್ಲಾನ್ ಲೇಪನದ ಬಾಣಲೆಗಳನ್ನೆಲ್ಲ ಮನೆಯಿಂದ ಹೊರಹಾಕಿದ್ದೆ. ಕಾದು ಹೊಗೆಯೆದ್ದರೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ನೋವಾದದ್ದು ನನ್ನ ದೋಸೆ ಹೆಂಚಿಗೆ ಮಾತ್ರ.

ನಾಲ್ಕನೆಯದು ಕಷ್ಟದ್ದು. ಅವಳು ಕೀಳುವಾಗ ನಾನು ಕಲ್ಲಾಗಬೇಕು. ನೋಡಬಾರದು, ನಿಟ್ಟುಸಿರು ಬಿಡಬಾರದು. ಹಾಳೆ ಹರಿಯುವಾಗ ಹತ್ತಿರ ಹೋಗಿ ಮಾತಾಡಬೇಕು. ಮೊದಲ ಹತ್ತು ದಿನ ಕೀಳುವುದು ಹೆಚ್ಚೇ ಆಯಿತು. ಸಂಬಳ ನಿಂತ ನೌಕರ ಮೇಜು ಗುದ್ದುವಂತೆ. ಇಲ್ಲಿಯೇ ಬಹಳಷ್ಟು ಜನ ಸೋಲುತ್ತಾರೆ ಎಂದು ನನ್ನ ಅನಿಸಿಕೆ. ನನ್ನ ಅತ್ತೆ ಆ ದಿನಗಳಲ್ಲಿ ಬಂದಿದ್ದರು. "ಕಟುಕನ ಹಾಗೆ ಕೂತಿದ್ದೀರಲ್ಲಪ್ಪ" ಎಂದರು.

ನಡುವೆ ಒಂದು ಆಟ ಆಡಿದೆ. ಅದೇ ಪೆಲೆಟ್ ಅನ್ನು ಒಂದು ಕಡೆ ತೆರೆದ ಬಟ್ಟಲಲ್ಲಿ, ಇನ್ನೊಂದು ಕಡೆ ಪೊಟ್ಟಣದಲ್ಲಿ ಇಟ್ಟರೆ ಯಾವುದಕ್ಕೆ ಮೊದಲು ಹೋಗುತ್ತಾಳೆ? ಹತ್ತು ದಿನದಲ್ಲಿ ಏಳು ದಿನ ಪೊಟ್ಟಣಕ್ಕೇ. ಸುಲಭದ ಊಟ ಪಕ್ಕದಲ್ಲಿದ್ದರೂ ದುಡಿದು ತಿನ್ನುವ ಈ ಗುಣವನ್ನು ಸಂಶೋಧಕರೂ ಬೂದು ಗಿಳಿಗಳಲ್ಲಿ ಕಂಡಿದ್ದಾರೆ, ಆದರೆ ಸ್ವಂತ ಕಣ್ಣಿಂದ ನೋಡುವ ಸುಖವೇ ಬೇರೆ. ಇನ್ನೊಮ್ಮೆ ನನ್ನ "ಬೇಡ"ವನ್ನು ಮೊಬೈಲ್‌ನಲ್ಲಿ ಮುದ್ರಿಸಿ ಕೇಳಿಸಿದೆ. ಬೂದಪ್ಪ ಮೊಬೈಲನ್ನೇ ನೋಡಿ ಮೈಕ್ರೋವೇವ್‌ನಂತೆ ಮೂರು ಬಾರಿ ಬೀಪ್ ಎಂದಳು. ಇದರಿಂದ ಏನು ತಿಳಿಯಿತೆಂದು ಕೇಳಬೇಡಿ. ಬಂದವರೆಲ್ಲ ಎಷ್ಟು ಮಾತು ಬರುತ್ತದೆ ಎಂದೇ ಕೇಳುತ್ತಾರೆ. ಗಿಳಿಗಳ ಬುದ್ಧಿಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರ ಗ್ರೇ ಅಲೆಕ್ಸ್‌ಗೆ ನೂರರಷ್ಟು ಪದ ಬರುತ್ತಿತ್ತು, ನನ್ನವಳಿಗೆ ಮೂವತ್ತು ದಾಟಿಲ್ಲ, ಅದರಲ್ಲಿ ಎಂಟು ಯಂತ್ರಗಳ ಸದ್ದು.

ಈ ಕ್ರಮ ಶುರುವಾದ ಹತ್ತನೆಯ ವಾರ ಎದೆಯ ಮೇಲೆ ಮುಳ್ಳು ಮೂಡಿತು. ಮೇಣದಂಥ ಕವಚದೊಳಗಿನ ಎಳೆ ಗರಿ, ಬುಡದಲ್ಲಿ ನೀಲಿಗಪ್ಪು ರಕ್ತ. ಎಣಿಸಿದೆ: ಹದಿನೇಳು. ಯಾರಿಗೂ ಹೇಳಲಿಲ್ಲ. ಐದನೆಯ ತಿಂಗಳಿಗೆ ಎದೆ ಬೂದಾಯಿತು. ಆರನೆಯ ತಿಂಗಳು ಕೆಲಸದ ಮೇಲೆ ಒಂಬತ್ತು ದಿನ ಹೊರಗೆ ಹೋಗಬೇಕಾಯಿತು. ಪೊಟ್ಟಣ ಕಟ್ಟುವವರಿಲ್ಲದೆ ಮನೆಯವರು ತಟ್ಟೆ ಇಟ್ಟರು, ಪಕ್ಕದ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದರು. ವಾಪಸು ಬಂದಾಗ ಪಂಜರದ ಟ್ರೇಯಲ್ಲಿ ನಲವತ್ತರಷ್ಟು ಗರಿ. ಆ ರಾತ್ರಿ ಕಾಲರ್ ಪೆಟ್ಟಿಗೆಯನ್ನು ಇಳಿಸಿ ಮತ್ತೆ ಮೇಲಿಟ್ಟೆ. ಮೊದಲಿನಿಂದ ಶುರು ಮಾಡಿದೆ, ಈ ಬಾರಿ ಐದೇ ವಾರದಲ್ಲಿ ಸರಿಹೋದಳು. ಈಗ ಎಲ್ಲಿಗೆ ಹೊರಟರೂ ಮೊದಲು ಇನ್ನೂರು ಪೊಟ್ಟಣ ಕಟ್ಟಿಟ್ಟು ಹೋಗುತ್ತೇನೆ.

ಎಡತೊಡೆಯಲ್ಲಿ ನಾಣ್ಯದಗಲದ ಜಾಗ ಇನ್ನೂ ಬೋಳು. ಅಲ್ಲಿ ಗರಿಯ ಬೇರೇ ಸತ್ತಿದೆ, ಬರುವುದಿಲ್ಲ ಎನ್ನುತ್ತಾರೆ ವೈದ್ಯರು. ಕಾಯಿಲೆ ಇರುವ ಹಕ್ಕಿಗೆ, ಹದಿನೈದು ವರ್ಷ ಕಿತ್ತ ಹಕ್ಕಿಗೆ ಇದೇ ಕೆಲಸ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ.

"ಬೇಡ" ಎಂಬ ಮಾತನ್ನು ಅವಳು ಮರೆತಿಲ್ಲ. ಬೆಳಿಗ್ಗೆ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಾಗ ಭುಜದಿಂದ ಇಳಿದು ಬಂದು, ನಾನು ತಿರುಚುವ ಪೊಟ್ಟಣವನ್ನು ಕೊಕ್ಕಿನಿಂದ ಎಳೆಯುತ್ತಾಳೆ. ಬಿಡದಿದ್ದರೆ ನನ್ನ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು, ತಲೆಯೆತ್ತಿ, ನನ್ನದೇ ದನಿಯಲ್ಲಿ "ಬೇಡ ಬೇಡ ಬೇಡ" ಎನ್ನುತ್ತಾಳೆ. ಬಿಟ್ಟುಕೊಡುತ್ತೇನೆ. ಹೀಗಾಗಿ ಮೂವತ್ತು ಕಟ್ಟಲು ಕೂತರೆ ಇಪ್ಪತ್ತಾರೇ ಉಳಿಯುವುದು.