ಸಂಡಿಗೆ ಹಾಕುವ ಮುಂಚೆ ಮುಗಿಲು ನೋಡಿ

ನಾನು ಹುಟ್ಟಿದ್ದು ಗದಗದಲ್ಲಿ, ಮದುವೆಯಾಗಿ ಬಂದದ್ದು ಧಾರವಾಡಕ್ಕೆ. ನಡುವೆ ಸುಮಾರು 80 ಕಿಲೋಮೀಟರ್ ಅಷ್ಟೇ. ಆದರೆ ಮಳೆಯ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಸೀಮೆಗಳೇ. ತವರಿನಲ್ಲಿ ಶ್ರಾವಣದಲ್ಲೂ ಎಷ್ಟೋ ದಿನ ಅವ್ವ ಹಪ್ಪಳ ಬಿಸಿಲಿಗೆ ಇಡುತ್ತಿದ್ದಳು. ಇಲ್ಲಿ ಆಷಾಢ ಬಂತೆಂದರೆ ಜಿಟಿಜಿಟಿ ಶುರು, ಒಂದು ಟವೆಲ್ ಒಣಗಲು ಮೂರು ದಿನ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಘಟ್ಟ ದಾಟಿ ಮೂಡಣಕ್ಕೆ ಇಳಿಯುತ್ತಾ ಬೆಚ್ಚಗಾಗಿ ಒಣಗುತ್ತದೆ. ಧಾರವಾಡ ಘಟ್ಟದ ಸೆರಗಿನಲ್ಲಿದೆ, ಗದಗ ಮಳೆಯ ನೆರಳಿನಲ್ಲಿದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುವ ದಿನಗಳಲ್ಲೇ ಕೆಳಗಿನ ಹೊಲದವರು ಮುಗಿಲು ನೋಡುತ್ತಾ ಕೂತಿರುತ್ತಾರೆ. ಅಲ್ಲಿ ಚೆನ್ನಾಗಿ ಮಳೆಯಾಗುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ. ಅದಕ್ಕೇ ಹೇಳುವುದು, ‘ಉತ್ತರ ಒಳನಾಡಿನಲ್ಲಿ ಮಳೆ’ ಎಂದು ಕೇಳಿದ ತಕ್ಷಣ ನೆನೆಸಿಟ್ಟ ಅಕ್ಕಿ ನೋಡಿ ಗಾಬರಿಯಾಗಬೇಡಿ. ನಿಮ್ಮ ಜಿಲ್ಲೆಗೆ ಏನು ಹೇಳಿದ್ದಾರೆ ಎಂದು ನೋಡಿ.

ಮುನ್ಸೂಚನೆಯ ಮಾತುಗಳಿಗೆ ಅಳತೆ ಇದೆ. ಇದು ನನಗೆ ಬಹಳ ದಿನ ಗೊತ್ತಿರಲಿಲ್ಲ. ‘ಒಂದೆರಡು ಕಡೆ’ ಎಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕರಲ್ಲೊಂದು ಪಾಲು, ಇಲ್ಲವೇ ಅದಕ್ಕಿಂತ ಕಡಿಮೆ. ‘ಬಹುತೇಕ ಎಲ್ಲ ಕಡೆ’ ಎಂದರೆ ಮುಕ್ಕಾಲು ಪಾಲಿಗಿಂತ ಜಾಸ್ತಿ. ಒಂದು ಏಪ್ರಿಲ್‌ನಲ್ಲಿ ‘ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂದು ರೇಡಿಯೋದಲ್ಲಿ ಕೇಳಿಯೂ, ಅದು ಬೇರೆ ಯಾವುದೋ ಊರಿಗೆ ಇರಬೇಕು ಅಂದುಕೊಂಡೆ. ಐದು ಸೇರು ಅಕ್ಕಿಯ ಸಂಡಿಗೆ ಮಾಳಿಗೆಯ ಮೇಲೆ ಹಾಕಿದ್ದೆ. ಹನ್ನೆರಡಕ್ಕೆ ಕಣ್ಣು ಕುಕ್ಕುವ ಬಿಸಿಲು. ಊಟ ಮಾಡಿ ಸ್ವಲ್ಪ ಅಡ್ಡಾದೆ. ಮೂರೂವರೆಗೆ ಬಾಗಿಲು ಬಡಿದ ಸದ್ದಿಗೆ ಎದ್ದರೆ ಆಲಿಕಲ್ಲು ಮಳೆ. ಸೀರೆಯ ಮೇಲೆ ಸಾಲಾಗಿ ಕೂತಿದ್ದ ಸಂಡಿಗೆ ಅಂಬಲಿಯಾಗಿ ಹರಿದು ಹೋಗಿತ್ತು. ಆ ಸೀರೆಯ ಅಂಚಿನಲ್ಲಿ ಗಂಜಿ ಗಟ್ಟಿಯಾಗಿ ಅಂಟಿದ್ದು ಎರಡು ಸಲ ಒಗೆದರೂ ಹೋಗಲಿಲ್ಲ.

ಆ ಬಿಸಿಲೇ ಮಳೆಗೆ ಕಾರಣ ಎಂದು ತಿಳಿದಿದ್ದರೆ ನಾನು ಮಲಗುತ್ತಿರಲಿಲ್ಲ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಬೀಳುವುದು ಅಡ್ಡಮಳೆ. ಬೆಳಿಗ್ಗೆಯಿಂದ ನೆಲ ಕಾಯುತ್ತದೆ, ನೆಲದ ಮೇಲಿನ ಗಾಳಿ ಬಿಸಿಯಾಗಿ ಹಗುರಾಗಿ ಮೇಲಕ್ಕೇರುತ್ತದೆ. ಒಂದು ಕಿಲೋಮೀಟರ್ ಏರಿದರೆ ಹೆಚ್ಚುಕಡಿಮೆ 10 ಡಿಗ್ರಿ ತಣ್ಣಗಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಯಾಗುತ್ತದಲ್ವಾ, ಹಾಗೆಯೇ ಅಲ್ಲಿ ತೇವ ಹನಿಗಟ್ಟಿ ಮೋಡವಾಗುತ್ತದೆ. ನೆಲ ಪೂರ್ತಿ ಕಾಯುವ ಹೊತ್ತು ಮಧ್ಯಾಹ್ನ, ಆದ್ದರಿಂದ ಮಳೆ ಬರುವುದು ಮೂರರ ಮೇಲೆ, ಸಂಜೆಯ ಕಡೆ. ಹಾಗಾಗಿ ಬೇಸಿಗೆಯಲ್ಲಿ ಸಂಡಿಗೆ ಬೆಳಿಗ್ಗೆ ಏಳರೊಳಗೆ ಹಾಕಿ ಮುಗಿಸಿ, ಎರಡಕ್ಕೆ ಒಳಗೆ ತನ್ನಿ. ಹನ್ನೊಂದಕ್ಕೆ ಒಮ್ಮೆ ಮಾಳಿಗೆ ಹತ್ತಿ. ಹೂಕೋಸಿನ ಹಾಗೆ ಉಬ್ಬಿದ ಮೋಡ ಇದ್ದರೆ ಒಂದಕ್ಕೆ ಮತ್ತೆ ನೋಡಿ. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ ಬುಡ ಕಪ್ಪಗಾಗಿದ್ದರೆ ಎರಡರವರೆಗೂ ಕಾಯಬೇಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿದ್ದರೆ ನಾಲ್ಕು ಮೂಲೆ ಹಿಡಿದು ಹಾಗೇ ಎತ್ತಿ ತರಬಹುದು, ಈಗ ನಾನು ಹಾಗೆಯೇ ಮಾಡುತ್ತೇನೆ.

ಗಾಳಿಯಲ್ಲಿ ತೇವ ಎಷ್ಟಿದೆ ಎಂದು ತಿಳಿಯಲು ಉಪ್ಪು ಸಾಕು. ಶುದ್ಧ ಉಪ್ಪು ತೇವಾಂಶ 75 ಶೇಕಡಾ ದಾಟಿದರೆ ನೀರು ಹಿಡಿಯುತ್ತದೆ. ಹರಳುಪ್ಪಿನಲ್ಲಿ ಮೆಗ್ನೀಷಿಯಂ ಅಂಶವೂ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ನಾನು ಒಂದು ಚಿಟಿಕೆ ಹರಳುಪ್ಪು ಬಟ್ಟಲಲ್ಲಿ ಕಿಟಕಿಯ ಹತ್ತಿರ ಇಡುತ್ತೇನೆ. ನಸುಕಿನಲ್ಲಿ ನೋಡಬೇಡಿ, ಗಾಳಿ ತಂಪಿರುವಾಗ ತೇವಾಂಶ ಹೇಗೂ ಜಾಸ್ತಿಯೇ ತೋರುತ್ತದೆ. ಹತ್ತು ಗಂಟೆಗೆ ನೋಡಿ. ಆಗಲೂ ಹರಳು ಬೆರಳಿಗೆ ಅಂಟಿದರೆ ಅವತ್ತು ಬ್ಯಾಡಗಿ ಮೆಣಸಿನಕಾಯಿ ಡಬ್ಬಿ ತೆರೆಯಬೇಡಿ, ಜೋಳದ ಚೀಲವನ್ನೂ ಬಿಚ್ಚಿಡಬೇಡಿ. ತೇವ ಒಳಗೆ ಹೋದರೆ ಬೂಸು, ಹುಳ ಎರಡೂ ಬರುತ್ತವೆ. ಬಟ್ಟೆಗೆ ಬಿಸಿಲಿಗಿಂತ ಗಾಳಿ ಮುಖ್ಯ. ಎದುರುಬದುರು ಎರಡು ಕಿಟಕಿ ತೆಗೆದು ಫ್ಯಾನ್ ಹಚ್ಚಿ. ಮುಚ್ಚಿದ ಕೋಣೆಯಲ್ಲಿ ಹರವಿದರೆ ಆ ನೀರೆಲ್ಲ ಗೋಡೆಗೆ ಹೋಗುತ್ತದೆ.

ವಾರದ ಕೆಲಸ ಹೊಂದಿಸಲು ನಾನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹವಾಮಾನ ಸಲಹೆ ನೋಡುತ್ತೇನೆ. ಮಂಗಳವಾರ, ಶುಕ್ರವಾರ ಬರುತ್ತದೆ. ಮುಂದಿನ ಐದು ದಿನದ ಮಳೆ, ಗಾಳಿ, ತೇವಾಂಶ ಎಲ್ಲ ಇರುತ್ತದೆ. ರೈತರಿಗಾಗಿ ಬರೆದದ್ದು ನಿಜ, ಆದರೆ ಮನೆ ನಡೆಸುವವರಿಗೂ ಅಷ್ಟೇ ಉಪಯೋಗ. ಮೊದಲ ಎರಡು ದಿನದ್ದನ್ನು ಗಟ್ಟಿಯಾಗಿ ನಂಬಿ, ಐದನೆಯ ದಿನದ್ದನ್ನು ಆ ದಿನ ಹತ್ತಿರ ಬಂದಾಗ ಮತ್ತೆ ನೋಡಿ.

ಮಳೆ ಅಳೆಯುವುದನ್ನು ಮೊಮ್ಮಕ್ಕಳಿಗೆ ಕಲಿಸಿ. ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ ಚಪ್ಪಟೆ ತಳದ ಡಬ್ಬಿ ಬೇಕು. ಗೋಡೆ, ಗಿಡಗಳಿಂದ ದೂರ ಇಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ, ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ಮಾಳಿಗೆ ಇದ್ದರೆ 10 ಮಿಲಿಮೀಟರ್ ಮಳೆಗೆ 900 ಲೀಟರ್ ಮೇಲೆ ಬೀಳುತ್ತದೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ನಮಗೆ ಇದು ಸಣ್ಣ ಮಾತಲ್ಲ. ಮೊದಲ ಮಳೆಗೆ ಮಾಳಿಗೆಯ ಧೂಳು ತೊಳೆದು ಹೋಗಲಿ, ಎರಡನೆಯದರಿಂದ ಡ್ರಮ್ಮಿಗೆ ಹಿಡಿಯಿರಿ. ಪಾತ್ರೆಗೆ, ಬಟ್ಟೆಗೆ, ಗಿಡಕ್ಕೆ ಆಗುತ್ತದೆ.

ಸಿಡಿಲಿನ ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಬೇಡಿ. ಮಿಂಚು ಕಂಡ ಕೂಡಲೇ ಎಣಿಸಿ. ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಕೇಳಿದರೆ ಅದು 10 ಕಿಲೋಮೀಟರ್ ಒಳಗಿದೆ, ಮನೆಯೊಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಮಾಳಿಗೆ ಹತ್ತಿ. ಅಲ್ಲಿಯವರೆಗೆ ತಂತಿಯ ಮೇಲಿನ ಬಟ್ಟೆ ನೆನೆದರೆ ನೆನೆಯಲಿ, ಮತ್ತೆ ಹಿಂಡಿ ಹಾಕಿದರಾಯಿತು.