ಹೊಟ್ಟಿ ಕೆಡಸೋದು ಖಾರಾ ಒಂದ ಅಲ್ಲ: ನಿಮ್ಮ ಟ್ರಿಗರ್ ಹುಡುಕೋದು ಹಿಂಗ

ಗಿರ್ಮಿಟ್ ತಿಂದು ಹೊಟ್ಟಿ ಹಿಡ್ಕೊಂಡ್ರ ನಮ್ಮ ಹುಬ್ಬಳ್ಳಿ ಮಂದಿ ಮೊದಲ ಬೈಯೋದು ಮೆಣಸಿನಕಾಯಿಗೆ. ಆದ್ರ ಆ ಪ್ಲೇಟಿನ್ಯಾಗ ಹಸಿ ಉಳ್ಳಾಗಡ್ಡಿ ಐತಿ, ಪುಟಾಣಿ ಹಿಟ್ಟು ಐತಿ, ಬಾಜೂಕ ಎಣ್ಣಿ ಕುಡದ ಮಿರ್ಚಿ, ಮ್ಯಾಲೊಂದು ಖಡಕ್ ಚಾ ಬ್ಯಾರೆ, ಯಾವುದು ಕಳ್ಳ ಅಂತ ಹೆಂಗ ಹೇಳ್ತೀರಿ? ಐಬಿಎಸ್ (ಹೊಟ್ಟಿನೋವು, ಗ್ಯಾಸ್, ಸಂಡಾಸದ ತ್ರಾಸ ಪದೇ ಪದೇ ಬರೋ ಕರುಳಿನ ತೊಂದ್ರಿ) ಇದ್ದೋರ ಕರುಳು ಟೆಸ್ಟಿನ್ಯಾಗ ಚೊಲೋನ ಕಾಣತೈತಿ, ಆದ್ರ ಅದರ ನರಾ ಸೂಕ್ಷ್ಮ ಆಗಿರ್ತಾವು, ಉಳದೋರಿಗೆ ಗೊತ್ತೂ ಆಗದಷ್ಟು ಗ್ಯಾಸ್ ಇವರಿಗೆ ನೋವು ಕೊಡತೈತಿ.

ಮೊದಲ ಡಾಕ್ಟರಿಗೆ ತೋರಸ್ರಿ. ಸಂಡಾಸದಾಗ ರಕ್ತ, ತೂಕ ಇಳಿಯೋದು, ಜ್ವರ, ರಕ್ತ ಕಮ್ಮಿ, ನಡುರಾತ್ರಿ ನಿದ್ದಿಯಿಂದ ಎಬ್ಬಸೋ ಲೂಸ್ ಮೋಷನ್, ಇಲ್ಲಾ 50 ದಾಟಿದ ಮ್ಯಾಲೆ ಹೊಸದಾಗಿ ಶುರುವಾದ ತ್ರಾಸ ಇದ್ರ ಮನ್ಯಾಗ ಪ್ರಯೋಗ ಬ್ಯಾಡ್ರಿ.

ಆಮೇಲೆ ಎರಡು ವಾರ ನೋಟ್‌ಬುಕ್ಕಿನ್ಯಾಗ ಬರೀರಿ: ಏನ ತಿಂದ್ರಿ, ಎಷ್ಟೊತ್ತಿಗೆ, ನಿದ್ದಿ ಆತೋ ಇಲ್ಲೋ, ಟೆನ್ಶನ್ ಇತ್ತೇನು, ಹೆಣ್ಮಕ್ಕಳಾದ್ರ ಮುಟ್ಟಿನ ದಿನಾನೂ.

ಈಗ ಒಂದೊಂದ ಬಿಟ್ಟು ನೋಡೋದು. ನಾನಾದ್ರ ಉಳ್ಳಾಗಡ್ಡಿ-ಬಳ್ಳೊಳ್ಳಿಯಿಂದ ಶುರು ಮಾಡ್ರಿ ಅಂತೀನಿ. ಇವುದರಾಗಿನ ಫ್ರಕ್ಟಾನ್ ಅನ್ನೋ ಒಂದು ನಮೂನಿ ಕಾರ್ಬೋಹೈಡ್ರೇಟ್ ಸಣ್ಣ ಕರುಳಿನ್ಯಾಗ ಪಚನ ಆಗಂಗಿಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿ ಬ್ಯಾಕ್ಟೀರಿಯಾ ಅದನ್ನ ಹುಳಿಸಿ ಗ್ಯಾಸ್ ಮಾಡ್ತಾವು. ಸಾರಿನಿಂದ ಉಳ್ಳಾಗಡ್ಡಿ ಹೋಳು ಆರಿಸಿ ತಗದ್ರ ಉಪಯೋಗ ಇಲ್ಲ, ಫ್ರಕ್ಟಾನ್ ನೀರಿನ್ಯಾಗ ಕರಗಿ ಸಾರಿಗೆ ಇಳಿದಿರ್ತೈತಿ. ಎಣ್ಣ್ಯಾಗ ಕರಗಂಗಿಲ್ಲ, ಹಿಂಗಾಗಿ ಬಳ್ಳೊಳ್ಳಿ ಎಸಳು ಎಣ್ಣ್ಯಾಗ ಹುರದು ತಗದುಹಾಕಿ ಆ ಎಣ್ಣೀಲೆ ಒಗ್ಗರಣಿ ಕೊಡ್ರಿ, ಘಮಾ ಹಂಗ ಉಳೀತೈತಿ. ಉಳ್ಳಾಗಡ್ಡಿ ಹಸಿರು ತಪ್ಪಲ ನಡೀತೈತಿ. ಗೋಧಿ ಚಪಾತಿಯೊಳಗೂ ಫ್ರಕ್ಟಾನ್ ಐತಿ, ಜ್ವಾಳದ ರೊಟ್ಟ್ಯಾಗ ಭಾಳ ಕಮ್ಮಿ, ಅಷ್ಟರಮಟ್ಟಿಗೆ ನಮ್ಮ ಕಡೆಯವರು ಪುಣ್ಯವಂತರು. ಕಾಳೂ ಗ್ಯಾಸ್ ಮಾಡ್ತಾವು, ಅವನ್ನ ರಾತ್ರಿ ನೆನಿ ಹಾಕಿ ಆ ನೀರು ಚೆಲ್ಲಿ ಬೇಸ್ರಿ.

ಹಾಲಿಂದೂ ಹಿಂಗ ನೋಡ್ರಿ, ಧಾರವಾಡ ಪೇಡಾನೂ ಹಾಲಿನ ಲೆಕ್ಕಕ್ಕ ಬರ್ತೈತಿ.

ಮೂರ್ನಾಕು ವಾರ ಬಿಟ್ರೂ ಫರಕ್ ಕಾಣಲಿಲ್ಲಂದ್ರ ಆ ಪದಾರ್ಥ ತಿರಗಿ ಶುರು ಮಾಡ್ರಿ. ಫರಕ್ ಕಂಡ್ರ ಮೂರು ದಿನ ಸ್ವಲ್ಪ ಸ್ವಲ್ಪ ಏರಿಸಿ ತಿಂದು ಎಷ್ಟರತನಕ ತಡೀತೈತಿ ನೋಡ್ರಿ. ಎಲ್ಲಾನೂ ಕಾಯಂ ಬಿಟ್ರ ಕರುಳಿನ ಒಳ್ಳೇ ಬ್ಯಾಕ್ಟೀರಿಯಾಕ್ಕೂ ಊಟ ಇಲ್ಲದಂಗ ಆಗತೈತಿ.

ಖಾರಾ? ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ನೋವಿನ ನರಾ ಕೆಣಕತೈತಿ, ಖರೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ ಖಾರ ಕಮ್ಮಿ, ಹಸಿ ಮೆಣಸಿನಕಾಯಿ ಬದಲಿ ಅದನ್ನ ಹಾಕಿ ನೋಡ್ರಿ.

ಇಷ್ಟಾಗಿ ಅದ ರೊಟ್ಟಿ-ಪಲ್ಯ ಐತವಾರ ಒಗ್ಗಿ ಸೋಮವಾರ ಆಫೀಸಿಗೆ ಹೊಂಟಾಗ ಮಾತ್ರ ಹೊಟ್ಟಿ ಕೈಕೊಟ್ರ, ಊಟ ಬಿಡೋದು ನಿಲ್ಲಿಸಿ ಟೆನ್ಶನ್ ವಿಷಯ ಡಾಕ್ಟರ ಮುಂದ ಹೇಳ್ರಿ, ನೋಟ್‌ಬುಕ್ಕೂ ಒಯ್ರಿ.